ಇಳಿಜಾರಿನ ಹಾಳೆ

ತೆಗೆದದ್ದೋ, ಅಥವಾ ಇಡದೆ ಬಿಟ್ಟದ್ದೋ? ಎರಡೂ ಒಂದೇ ಅಲ್ಲ, ಆಗಲಿಕ್ಕಿಲ್ಲ, ಎಂದು ಓರಿನ್ ಸ್ಟಾಡ್ಲರ್ ಬೆಳಗಿನಿಂದ ಮೂರನೆಯ ಸಲ ತನಗೆ ತಾನೇ ಹೇಳಿಕೊಂಡ. ಇನ್ನೊಬ್ಬನ ಲಕೋಟೆಯಿಂದ ಒಂದು ಹಾಳೆಯನ್ನು ತೆಗೆಯುವುದು ಕೃತ್ಯ. ಲಕೋಟೆಯೊಳಗೆ ಒಂದು ಹಾಳೆಯನ್ನು ಹಾಕದೇ ಇರುವುದು ಹೆಚ್ಚೆಂದರೆ ಅಲಕ್ಷ್ಯ. ಅಲಕ್ಷ್ಯಕ್ಕಾಗಿ ಯಾರನ್ನೂ ಗಲ್ಲಿಗೇರಿಸಿದ್ದನ್ನು ಅವನು ಕೇಳಿಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಎರಡೂ ಹಾಳೆಗಳನ್ನು ಒಟ್ಟಿಗೆ ಮಡಚಿ ಒಳಗಿಟ್ಟು, ಅಡುಗೆಕಟ್ಟೆಯ ಬಳಿ ನಿಂತು ಕಾಫಿ ಬಗ್ಗಿಸಿಕೊಳ್ಳುತ್ತ ಏನೋ ನೆನೆದು, ಲಕೋಟೆಯನ್ನು ಮತ್ತೆ ಬಿಚ್ಚಿ ಹಳದಿ ಹಾಳೆಯನ್ನು ಎಳೆದುಕೊಂಡದ್ದು ಬೆರಳಿಗೆ ಇನ್ನೂ ನೆನಪಿತ್ತು; ಕಾಗದದ ಅಂಚು ಲಕೋಟೆಯ ಬಾಯಿಗೆ ತಾಗಿ ಸರಕ್ಕೆಂದದ್ದು ಕೂಡ. ಹಾಗಾದರೆ ತೆಗೆದದ್ದು. ಆದರೆ ಆಗಿನ್ನೂ ಲಕೋಟೆ ಅದನ್ನು ಕೇಳಿದ್ದವರ ಕೈ ಸೇರಿರಲಿಲ್ಲ. ಹಾಗಾದರೆ ಇಡದೆ ಬಿಟ್ಟದ್ದು. ಮೂವತ್ತೊಂದು ವರ್ಷ ನೆಬ್ರಾಸ್ಕಾದ ಕೌಂಟಿ ರಸ್ತೆ ಇಲಾಖೆಯಲ್ಲಿ ಮೋರಿಗಳ ಅಳತೆ ಬರೆದವನಿಗೆ ಇಂಥ ಸೂಕ್ಷ್ಮಗಳು ಹೊಸವಲ್ಲ. ಒಮ್ಮೆ ಒಂದು ಮೋರಿ ಕುಸಿದಾಗ, ಕುಸಿದದ್ದು ಮೋರಿಯೋ ಅಥವಾ ಅದರ ಕೆಳಗಿನ ನೆಲವೋ ಎಂದು ಇಲಾಖೆ ಎಂಟು ತಿಂಗಳು ಚರ್ಚಿಸಿತ್ತು. ಕೊನೆಗೆ ತಪ್ಪು ಆ ದಿನ ಅದರ ಮೇಲೆ ಹಾದುಹೋದ ಟ್ರ್ಯಾಕ್ಟರಿನವನದ್ದೆಂದು ತೀರ್ಮಾನವಾಯಿತು. ಆ ವರದಿಯನ್ನು ಬರೆದವನು ಓರಿನ್ನೇ.

“ಇವತ್ತೂ ರಿಂಗ್ ಆಗ್ತಿಲ್ಲ,” ಗೆಳತಿ ಮಾರ್ಲಿಸಳಿಗೆ ಮತ್ತೊಮ್ಮೆ ಫೋನು ಹಚ್ಚಿ ನೋಡಿ, ಪಕ್ಕದ ಸೀಟಿನಿಂದ ಅವನ ಹೆಂಡತಿ ಲವೊನ್ ಹೇಳಿದಳು. “ಮೂರ್ ದಿನ ಆಯ್ತು ಓರಿನ್. ಮಾರ್ಲಿಸ್ ಮೂರ್ ದಿನ ಬಾಯ್ ಮುಚ್ಕೊಂಡಿರೋ ಹೆಂಗಸಾ?”

“ಸಿಗ್ನಲ್ ಇರಲ್ಲ ಆ ಕಡೆ. ಮರುಭೂಮಿ.”

“ಮರುಭೂಮಿ ಅಂತ ನಂಗೂ ಕಾಣ್ತಿದೆ ಮಾರಾಯ, ಕಿಟಕಿ ನಂಗೂ ಇದೆ.”

ಕಿಟಕಿಯ ಆಚೆ ನೆವಾಡಾದ ನೆಲ ಬೂದಿ ಬಣ್ಣದಲ್ಲಿ ಬಿದ್ದುಕೊಂಡಿತ್ತು. ರಸ್ತೆ ನೇರವಾಗಿತ್ತು, ಎಷ್ಟು ನೇರವೆಂದರೆ ಸ್ಟಿಯರಿಂಗ್ ಹಿಡಿದ ಕೈ ತನ್ನ ಅಗತ್ಯವನ್ನೇ ಸಂಶಯಿಸಬೇಕು. ಚಕ್ರದ ಮೇಲಿನ ಮನೆಯಾದ ನಲವತ್ತು ಅಡಿ ಉದ್ದದ ಮೋಟಾರ್‌ಹೋಮ್, ಅದರ ಬೆನ್ನಿಗೆ ಕಟ್ಟಿದ ಪುಟ್ಟ ಕಾರು. ಮನೆಯೊಳಗಿನ ಚಮಚಗಳು, ಔಷಧಿಯ ಡಬ್ಬಿಗಳು, ಗೋಡೆಗೆ ಅಂಟಿಸಿದ ಮೊಮ್ಮಕ್ಕಳ ಫೋಟೋಗಳು ಎಲ್ಲವೂ ಗಂಟೆಗೆ ಐವತ್ತೈದು ಮೈಲಿ ವೇಗದಲ್ಲಿ ಸಣ್ಣಗೆ ಗಲಗಲಿಸುತ್ತಿದ್ದವು. ಇಂಥ ರಸ್ತೆಯಲ್ಲಿ ಓರಿನ್ ಸಂತುಷ್ಟನಾಗಿರಬೇಕಿತ್ತು. ಅವನು ಹುಟ್ಟಿದ ಜಿಲ್ಲೆಯಲ್ಲಿ ಅತಿ ಎತ್ತರದ ಜಾಗವೆಂದರೆ ಹೆದ್ದಾರಿಯ ಮೇಲಿನ ಸೇತುವೆ. ಮಕ್ಕಳು ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಅದರ ಬದಿಯ ದಿಬ್ಬಕ್ಕೇ ಹೋಗುತ್ತಿದ್ದರು. ಅಂಥ ಊರಿನವನು ಆರಿಜೋನಾದಲ್ಲಿ ಇಂಥ ಗಾಡಿಗಳು ಚಳಿಗಾಲ ತಂಗುವ ಪಾಲೊ ಸೆಕೊ ಪಾರ್ಕಿನಲ್ಲಿ ಬೆಟ್ಟಗಳ ಪಂಡಿತನಾದದ್ದು ಹೇಗೆಂದು ಯಾರೂ ಕೇಳಿರಲಿಲ್ಲ. ಪಾಂಡಿತ್ಯ ಬೇಕಾದವರು ಪಂಡಿತನ ಊರು ಕೇಳುವುದಿಲ್ಲ.

ಏಪ್ರಿಲ್ ಬಂತೆಂದರೆ ಪಾರ್ಕಿನಲ್ಲಿ ಚಡಪಡಿಕೆ ಶುರುವಾಗುತ್ತಿತ್ತು. ಚಳಿಗೆ ಹೆದರಿ ಉತ್ತರದಿಂದ ಬಂದು ಐದು ತಿಂಗಳು ಬಿಸಿಲು ಕಾಯಿಸಿಕೊಂಡ ಮುದುಕ ಮುದುಕಿಯರು ಈಗ ಬಿಸಿಲಿಗೆ ಹೆದರಿ ಉತ್ತರಕ್ಕೆ ಓಡಬೇಕು. ನಡುವೆ ಬೆಟ್ಟಗಳಿದ್ದವು. ಭಾನುವಾರ ಪ್ರಾರ್ಥನೆ ಮುಗಿಸಿ ಅವರು ಡೋನಟ್ ಪೊಟ್ಟಣ ಹಿಡಿದು ಓರಿನ್‌ನ ಮರದ ಮೇಜಿನ ಮುಂದೆ ಸಾಲು ನಿಲ್ಲುವರು. ಅವನು ಗಾಡಿಯ ಉದ್ದ, ಎತ್ತರ, ತೂಕ ಕೇಳುವನು. ಹಿಂದೆ ಕಾರು ಕಟ್ಟಿದ್ದೀರಾ ಎಂದು ಕೇಳುವನು. ವೈದ್ಯನ ಹಾಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಳ್ಳುವನು. ಮುಂದಿನ ವಾರ ಲಕೋಟೆ ಸಿದ್ಧ. ಅದರಲ್ಲಿ ಎರಡು ಹಾಳೆ. ಬಿಳಿಯದರಲ್ಲಿ ದಾರಿ, ಏರು, ಡೀಸೆಲ್ ಸಿಗುವ ಜಾಗ, ಸೇತುವೆಗಳ ಎತ್ತರ. ಹಳದಿಯದರಲ್ಲಿ ಇಳಿಜಾರು ಮಾತ್ರ: ಎಷ್ಟನೇ ಮೈಲಿಯಲ್ಲಿ ಯಾವ ಗೇರು, ಎಲ್ಲಿ ನಿಂತು ಬ್ರೇಕು ಆರಿಸಬೇಕು, ಯಾವ ತಿರುವು ಸುಳ್ಳು ಹೇಳುತ್ತದೆ. “ಏರುವುದು ಎಂಜಿನ್ನಿನ ಕಷ್ಟ, ಇಳಿಯುವುದು ಮನುಷ್ಯನ ಕಷ್ಟ,” ಎಂದು ಅವನು ಹೇಳಿದಾಗ ಎಲ್ಲರೂ ತಲೆಯಾಡಿಸುವರು. ಬಿಳಿ ಕಳೆದರೂ ಹಳದಿ ಕಳೆಯಬೇಡಿ ಎಂಬುದು ಪಾರ್ಕಿನಲ್ಲಿ ಗಾದೆಯಾಗಿತ್ತು. ಹೆಂಡತಿಯರು ಆ ಹಳದಿ ಹಾಳೆಯನ್ನು ಓದಬೇಕು, ಗಂಡಂದಿರು ಅದರಂತೆ ಇಳಿಯಬೇಕು. ಇಷ್ಟೆಲ್ಲ ಬರೆಯುವ ಓರಿನ್ ಹನ್ನೊಂದು ವರ್ಷಗಳಿಂದ ಒಂದು ಘಟ್ಟವನ್ನೂ ಇಳಿದಿಲ್ಲ ಎಂಬುದನ್ನು ಮಾತ್ರ ಯಾವ ಬಣ್ಣದ ಹಾಳೆಯೂ ಹೇಳುತ್ತಿರಲಿಲ್ಲ.

ಮೊದಲ ಚಳಿಗಾಲದಲ್ಲಿ ಒಮ್ಮೆ ಇಳಿದಿದ್ದ. ಲವೊನ್ ಹಿಂದಿನ ಹಾಸಿಗೆಯಲ್ಲಿ ಮಲಗಿದ್ದಳು. ಬ್ರೇಕಿನ ಪೆಡಲು ಕಾಲ ಕೆಳಗೆ ಹಿಟ್ಟಿನಂತೆ ಮೆತ್ತಗಾಯಿತು, ಸುಟ್ಟ ವಾಸನೆ ಬಂತು, ಮುಂದೆ ಹೋಗುತ್ತಿದ್ದ ಟ್ರಕ್ಕಿನ ಹಿಂಭಾಗ ದೊಡ್ಡದಾಗುತ್ತ ಬಂತು. ಹೇಗೋ ಬದಿಯ ಜಲ್ಲಿಗೆ ಹತ್ತಿಸಿ ನಿಲ್ಲಿಸಿದ. ಎದ್ದುಬಂದ ಲವೊನ್‌ಗೆ, ನೋಟ ಚೆನ್ನಾಗಿತ್ತು, ನಿಲ್ಲಿಸಿದೆ ಎಂದ. ಯಾವ ನೋಟ ಎಂದು ಅವಳು ಕೇಳಿದಳು. ಎದುರಿಗೆ ಒಂದು ಕಲ್ಲಿನ ಗೋಡೆಯಿತ್ತು. ಅಲ್ಲಿಂದ ಮುಂದೆ ಅವನು ತನ್ನ ಗಾಡಿಯನ್ನು ಬೆಟ್ಟಗಳ ಸುತ್ತ ಬಳಸಿಕೊಂಡೇ ಒಯ್ಯತೊಡಗಿದ. ಇದಕ್ಕೆ ಸುರಕ್ಷಿತ ಮಾರ್ಗವೆಂದು ಹೆಸರಿಟ್ಟ. ಹೆಸರಿಟ್ಟ ಮೇಲೆ ಭಯಕ್ಕೆ ಒಂದು ಘನತೆ ಬಂತು. ಚಳಿಗಾಲದ ಮಧ್ಯಾಹ್ನಗಳಲ್ಲಿ ಅವನು ನಕ್ಷೆಯ ಎತ್ತರದ ಗೆರೆಗಳನ್ನು ಭೂತಗನ್ನಡಿಯಲ್ಲಿ ಓದುತ್ತಿದ್ದ, ಟ್ರಕ್ ಚಾಲಕರನ್ನು ಮಾತಿಗೆಳೆಯುತ್ತಿದ್ದ. ಅವನ ಹಾಳೆಗಳು ನಿಖರವಾಗಿದ್ದವು. ಭಯಸ್ಥನಷ್ಟು ಶ್ರದ್ಧೆಯಿಂದ ಬೆಟ್ಟವನ್ನು ಇನ್ಯಾರೂ ಓದುವುದಿಲ್ಲ.

ಬೆಟ್ಟದ ಪಂಡಿತ ಬೆಟ್ಟ ಇಳಿಯುವುದಿಲ್ಲ ಎಂಬುದನ್ನು ಕಂಡುಹಿಡಿದವನು ಡೆನ್ನಿ ಕ್ರೋಗ್, ಮಾರ್ಲಿಸಳ ಗಂಡ. ಮಿನ್ನೆಸೋಟಾದಲ್ಲಿ, ವರ್ಷಕ್ಕೆ ಮೂರು ತಿಂಗಳು ಮಾತ್ರ ಈಜಬಹುದಾದ ಊರಿನಲ್ಲಿ, ನಲವತ್ತು ವರ್ಷ ಈಜುಕೊಳಗಳನ್ನು ಮಾರಿ ಬದುಕಿದವನು. ಅಂಥವನ ಬಾಯಿಗೆ ಎದುರಿಲ್ಲ. ಮಾರ್ಚಿನ ಕೂಡೂಟದ ದಿನ ಎಲ್ಲರೂ ತಂತಮ್ಮ ಪಾತ್ರೆ ತಂದಿದ್ದರು. ಉದ್ದನೆಯ ಮೇಜಿನ ಮೇಲೆ ಬೀನ್ಸು, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ, ಮೂರು ಬಗೆಯ ಆಲೂಗಡ್ಡೆ. ಡೆನ್ನಿ ಎದ್ದುನಿಂತ. “ಈಗ ನೋಡ್ರಪ್ಪ, ನಮ್ಮ ಬೆಟ್ಟದ ಪಾದ್ರಿ ಬೀನ್ಸಿಂದ ಜೆಲ್ಲಿಗೆ ಹೋಗೋ ದಾರಿ,” ಎಂದು ಕಾಗದದ ತಟ್ಟೆಯೊಂದನ್ನು ಸ್ಟಿಯರಿಂಗ್‌ನಂತೆ ಹಿಡಿದುಕೊಂಡ. ಬೀನ್ಸಿಗೂ ಜೆಲ್ಲಿಗೂ ಎರಡು ಅಡಿ ದೂರ. ನಡುವೆ ಆಲೂಗಡ್ಡೆಯ ಗುಡ್ಡ. ಡೆನ್ನಿ ಆ ಗುಡ್ಡವನ್ನು ನೋಡಿ ಬೆಚ್ಚಿದ, ಎದೆಯ ಮೇಲೆ ಶಿಲುಬೆ ಬರೆದುಕೊಂಡ, ತುಟಿ ಪಿಟಿಪಿಟಿ ಮಾಡುತ್ತ ಹಿಂದೆ ತಿರುಗಿ ಇಡೀ ಸಭಾಂಗಣವನ್ನು ಗೋಡೆಗಂಟಿ ಸುತ್ತು ಹೊಡೆದ. ಬಾಗಿಲ ಬಳಿ ನಿಂತು ಡೀಸೆಲ್ ಹಾಕಿಸಿಕೊಂಡ. ಅಡುಗೆಮನೆಯ ಒಳಗೆ ಹೋಗಿ ಹಿಂಬಾಗಿಲಿಂದ ಬಂದ. ಐದು ನಿಮಿಷದ ಮೇಲೆ ಜೆಲ್ಲಿಯನ್ನು ಮುಟ್ಟಿ, “ಸುರಕ್ಷಿತ ಮಾರ್ಗ!” ಎಂದು ಉಸಿರುಬಿಟ್ಟ. “ಗಾಡೀನ ಬೆಟ್ಟ ತೋರಿಸ್ದೆ ಸಾಕಿದಾನ್ ಕಣ್ರೋ, ಮಗಳಿಗೆ ಗಂಡ್ಸಿನ ಮುಖ ತೋರಿಸ್ದೆ ಸಾಕಿದ ಹಾಗೆ!” ನಲವತ್ತು ಜನ ನಕ್ಕರು. ಓರಿನ್ ಕೂಡ ನಕ್ಕ; ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ನಗುತ್ತ ಪಕ್ಕಕ್ಕೆ ನೋಡಿದಾಗ ಲವೊನ್ ಮಾರ್ಲಿಸಳ ಭುಜಕ್ಕೆ ಹಣೆ ಒರಗಿಸಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಮದುವೆಯಾದ ನಲವತ್ನಾಲ್ಕು ವರ್ಷಗಳಲ್ಲಿ ತಾನು ಅವಳನ್ನು ಒಮ್ಮೆಯೂ ಹಾಗೆ ನಗಿಸಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಮುಂದಿನ ತಿಂಗಳು ಅದೇ ಡೆನ್ನಿ ಡೋನಟ್ ಹಿಡಿದು ಸಾಲಿನಲ್ಲಿ ನಿಂತ. ಕಾಪರ್ ಸ್ಯಾಡಲ್ ಘಟ್ಟದ ಮೇಲೆ ಹೋಗುತ್ತೇನೆ, ಬರೆದುಕೊಡು ಪಾದ್ರಿ ಎಂದ. ಅವಮಾನ ಮಾಡಿದ್ದೇನೆಂಬ ನೆನಪೂ ಅವನ ಮುಖದಲ್ಲಿರಲಿಲ್ಲ. ಅದೇ ಹೆಚ್ಚು ಉರಿಯಿತು. ಓರಿನ್ ಬರೆದುಕೊಟ್ಟ. ಬಿಳಿಯ ಹಾಳೆ ಹೋಯಿತು. ಹಳದಿಯದು ಸಿಂಕಿನ ಕೆಳಗಿನ ಬುಟ್ಟಿಯಲ್ಲಿ ಕಾಫಿ ಗಸಿಯ ಜೊತೆ ಹೋಯಿತು. ಅವರು ಬೆಟ್ಟದ ಮೇಲೆ ಸ್ವಲ್ಪ ತಡಬಡಿಸಲಿ, ಡೆನ್ನಿಯ ಅಂಗಿ ಬೆವರಲಿ, ಅಷ್ಟೇ ತನ್ನ ಮನಸ್ಸಿನಲ್ಲಿದ್ದದ್ದು. ಅಷ್ಟೇ ಇತ್ತೆ? ನಲವತ್ತಮೂರು ಅಡಿ ಗಾಡಿ, ಶೇಕಡಾ ಒಂಬತ್ತರ ಇಳಿಜಾರು, ಹತ್ತು ಮೈಲಿ. ಆ ಲೆಕ್ಕ ಯಾರಿಗೂ ತಿಳಿಯದಿದ್ದರೂ ಓರಿನ್‌ಗೆ ತಿಳಿದಿತ್ತು. ಡೆನ್ನಿಯ ಪಕ್ಕದಲ್ಲಿ ಮಾರ್ಲಿಸ್ ಕೂತಿರುತ್ತಾಳೆಂಬುದನ್ನು ಅವನು ಕಾಫಿ ಕುಡಿದು ಮುಗಿಸುವವರೆಗೂ ನೆನೆಯಲಿಲ್ಲ. ನೆನೆದ ಮೇಲೂ ಬುಟ್ಟಿಗೆ ಕೈ ಹಾಕಲಿಲ್ಲ, ಗಸಿ ಹತ್ತಿತ್ತು.

“ಬಲಕ್ಕೆ ತಿರುಗಿಸು,” ಎಂದಳು ಲವೊನ್.

ಕವಲು ಬಂದುಬಿಟ್ಟಿತ್ತು. ಎಡಕ್ಕೆ ಹೋದರೆ ಬೆಟ್ಟವನ್ನು ಬಳಸಿ ನೂರಾ ಎಪ್ಪತ್ತು ಮೈಲಿಯ ಸಪಾಟು ರಸ್ತೆ. ಬಲಕ್ಕೆ ಕಾಪರ್ ಸ್ಯಾಡಲ್. ಓರಿನ್‌ನ ಕೈ ಆಗಲೇ ಎಡದ ಸೂಚಕದ ಮೇಲಿತ್ತು.

“ನಮ್ಮ ದಾರಿ ಎಡಕ್ಕಲ್ವಾ?”

“ನಮ್ಮ ದಾರಿ ಎಡಕ್ಕೆ. ಅವರ ದಾರಿ ಬಲಕ್ಕೆ. ಅವರು ಇಳಿದ ಕಡೆ ಆಲ್ಕಲೈ ವೆಲ್ಸ್ ಅಂತ ಒಂದೇ ಒಂದು ನಿಲ್ಲೋ ಜಾಗ ಇರೋದು, ನೀನೇ ಹೇಳಿದ್ದಿ. ಅಲ್ಲಿ ಕೇಳೋಣ.”

“ಅಷ್ಟಕ್ಕೆ ಘಟ್ಟ ಹತ್ತಬೇಕಾ? ಪೊಲೀಸರಿಗೆ ಫೋನ್ ಮಾಡಿದ್ರಾಯ್ತು.”

“ಪೊಲೀಸರಿಗೆ ಏನಂತ ಹೇಳ್ಲಿ? ನನ್ನ ಗೆಳತಿ ಮಾತಾಡ್ತಿಲ್ಲ, ಅರೆಸ್ಟ್ ಮಾಡಿ ಅಂತಾನಾ?”

“ನಮ್ಮ ಗಾಡಿಗೆ ಆ ರಸ್ತೆ ಸರಿ ಹೋಗಲ್ಲ ಲವೊನ್.”

ಅವಳು ತಿರುಗಿ ಅವನನ್ನೇ ನೋಡಿದಳು. “ಅವರದ್ದು ನಮ್ಮದಕ್ಕಿಂತ ಮೂರಡಿ ಉದ್ದ. ಅವರಿಗೆ ಸರಿ ಅಂತ ಬರ್ಕೊಟ್ಟೋನು ನೀನೇ. ಅವರಿಗೆ ಸುರಕ್ಷಿತ ಅಂದ್ಮೇಲೆ ನಮಗೂ ಸುರಕ್ಷಿತಾನೇ ತಾನೆ?”

ಇದಕ್ಕೆ ಉತ್ತರವಿತ್ತು. ಒಂದೇ ವಾಕ್ಯದ ಉತ್ತರ. ಅದರ ಬದಲು ಓರಿನ್ ಬಲಕ್ಕೆ ತಿರುಗಿಸಿದ. ಒಂದು ಮೈಲಿ ಹೋಗುವುದರೊಳಗೆ ಪಶ್ಚಾತ್ತಾಪವಾಯಿತು. ಆದರೆ ಬೆನ್ನಿಗೆ ಕಾರು ಕಟ್ಟಿಕೊಂಡ ಮೋಟಾರ್‌ಹೋಮು ಹಿಂದಕ್ಕೆ ಹೋಗಲಾರದು. ಹೋಗಬೇಕಾದರೆ ನಡುರಸ್ತೆಯಲ್ಲಿಳಿದು ಕಾರನ್ನು ಬಿಚ್ಚಬೇಕು, ಹೆಂಡತಿ ಕೈ ಬೀಸಿ ದಾರಿ ತೋರಿಸಬೇಕು, ಹೋಗುವವರು ಬರುವವರು ನಿಂತು ನೋಡಬೇಕು. ಪಶ್ಚಾತ್ತಾಪಕ್ಕೆ ಅಷ್ಟೊಂದು ಜಾಗ ಆ ರಸ್ತೆಯಲ್ಲಿರಲಿಲ್ಲ.

ಏರು ಸುಲಭವಾಗಿತ್ತು, ಎಂಜಿನ್ನಿನ ಕಷ್ಟವಾದ್ದರಿಂದ. ನೆತ್ತಿಯಲ್ಲಿ ಟ್ರಕ್ಕುಗಳು ನಿಂತು ಬ್ರೇಕು ನೋಡಿಕೊಳ್ಳುವ ಅಗಲವಾದ ಜಾಗವಿತ್ತು. ಓರಿನ್ ನಿಲ್ಲಿಸಿ, ಇಳಿದು, ಚಕ್ರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎರಡನೇ ಸುತ್ತೂ ಮುಟ್ಟಿದ. ಪಕ್ಕದಲ್ಲಿ ಹುಲ್ಲಿನ ಟ್ರಕ್ಕಿನ ಚಾಲಕಿ, ಐವತ್ತರ ಆಸುಪಾಸಿನ ಹೆಂಗಸು, ಸೇಬು ತಿನ್ನುತ್ತ ಅವನನ್ನೇ ನೋಡುತ್ತಿದ್ದಳು.

“ಏನ್ ಯಜಮಾನ್ರೆ, ಮೊದ್ಲ ಸಲನಾ ಈ ಕಡೆ? ತಲೆ ಕೆಡಿಸ್ಕೋಬೇಡಿ. ಹತ್ತಿದ ಗೇರಲ್ಲೇ ಇಳೀರಿ, ಅಷ್ಟೇ.”

“ಅದನ್ನ ಇವನೇ ಎಲ್ರಿಗೂ ಬರ್ಕೊಡೋದು!” ಲವೊನ್ ಕಿಟಕಿಯಿಂದ ಕೂಗಿದಳು.

“ಹೌದಾ? ಮತ್ತೆ ಚಕ್ರ ಯಾಕೆ ಎರಡೆರಡು ಸಲ ಮುಟ್ತಿದಾರೆ?” ಅವಳು ಮತ್ತೆ ಸೇಬು ಕಚ್ಚಿದಳು. “ಹೆದರೋದು ಒಳ್ಳೇದೇ ಬಿಡಿ. ಮೊನ್ನೆ ಒಬ್ಬ ಹೆದರದವನು ಇಳಿದ. ನಿಮ್ಮಂಥದ್ದೇ ಗಾಡಿ, ಇನ್ನೂ ದೊಡ್ಡದು, ಕಂದು ಪಟ್ಟೆ. ನಾನು ಕೆಳಗಿಂದ ಬರ್ತಿದ್ದೆ. ನಾಲ್ಕೂ ಚಕ್ರದಲ್ಲಿ ಹೊಗೆ.”

ಲವೊನ್ ಬಾಗಿಲು ತೆಗೆದು ಇಳಿದೇಬಿಟ್ಟಳು. “ಆಮೇಲೆ? ಆಮೇಲೇನಾಯ್ತು?”

“ಗೊತ್ತಿಲ್ಲಮ್ಮ. ನಾನು ಮೇಲೆ ಹೋಗ್ತಿದ್ದೆ, ಅವನು ಕೆಳಗೆ. ಕನ್ನಡೀಲಿ ಹೊಗೆ ಮಾತ್ರ ಕಾಣಿಸ್ತು.”

ಕಂದು ಪಟ್ಟೆ. ಓರಿನ್ ಬಗ್ಗಿ ಮೂರನೆಯ ಸಲ ಚಕ್ರ ಮುಟ್ಟಿದ, ಮುಖ ಯಾರಿಗೂ ಕಾಣದಿರಲೆಂದು. ಕಬ್ಬಿಣ ತಣ್ಣಗಿತ್ತು. ಈಗ ಹೇಳಬಹುದು ಎಂದುಕೊಂಡ. ಆದರೆ ಅಪರಿಚಿತ ಹೆಂಗಸೊಬ್ಬಳು ಸೇಬು ತಿನ್ನುತ್ತಿರುವಾಗ ಇಂಥದ್ದನ್ನು ಹೇಗೆ ಹೇಳುವುದು? ಅವಳು ಹೋಗಲಿ. ಅವಳು ಹೋದಳು. ಆಗ ಲವೊನ್ ಕೈಚೌಕದಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅಳುವವಳಿಗೆ ಹೇಗೆ ಹೇಳುವುದು? ಹೀಗೆ ಪ್ರತಿಯೊಂದು ಕ್ಷಣವೂ ಸೌಜನ್ಯದ ಕಾರಣಕ್ಕೇ ಅವನ ಬಾಯಿ ಕಟ್ಟುತ್ತಿತ್ತು. ತಾನು ಹೇಡಿಯಲ್ಲ, ಸಭ್ಯ ಎಂದು ಅವನಿಗೆ ಅನ್ನಿಸಿತು.

“ಈ ಘಟ್ಟದ ಹಳದಿ ಹಾಳೆ ಕೊಡು,” ಎಂದಳು ಲವೊನ್ ಸೀಟಿಗೆ ಹತ್ತಿ. “ನಾನು ಓದ್ತೀನಿ.”

ಮೂಲಪ್ರತಿಗಳ ಕಡತ ಸೀಟಿನ ಹಿಂದಿತ್ತು. ಅವಳು ಹುಡುಕಿ ತೆಗೆದು ಕನ್ನಡಕ ಹಾಕಿಕೊಂಡಳು. ಗಾಡಿ ಎರಡನೇ ಗೇರಿನಲ್ಲಿ, ಎಂಜಿನ್ ಹುಲಿಯಂತೆ ಗುರುಗುಟ್ಟುತ್ತ, ನೆತ್ತಿಯ ಅಂಚಿನಿಂದ ಮೂಗನ್ನು ಕೆಳಕ್ಕೆ ಬಾಗಿಸಿತು. ಗಾಜಿನ ತುಂಬ ಒಮ್ಮೆಗೇ ಕಣಿವೆ. ಕೆಳಗೆ ಬಿಳಿಯ ಉಪ್ಪಿನ ಬಯಲು, ಅದರ ಅಂಚಿಗೆ ಒಂದು ಚುಕ್ಕೆಯಷ್ಟು ಹಸಿರು.

“ಮೈಲಿ ಎರಡು,” ಲವೊನ್ ಓದಿದಳು. “ಇಲ್ಲಿ ರಸ್ತೆ ಸಪಾಟಾದಂತೆ ಕಾಣುತ್ತದೆ. ಕಣ್ಣನ್ನು ನಂಬಬೇಡಿ. ಗೇರು ಬದಲಿಸಬೇಡಿ.” ನಿಜಕ್ಕೂ ರಸ್ತೆ ಸಪಾಟಾದಂತೆ ಕಂಡಿತು. ಓರಿನ್‌ನ ಕೈ ಗೇರಿನ ಕಡೆ ಹೋಗಿ ಹಿಂದೆ ಬಂತು. “ಮೈಲಿ ನಾಲ್ಕು. ಬ್ರೇಕನ್ನು ಒತ್ತಿಯೇ ಇಡಬೇಡಿ. ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಬಿಡಲು ಹೆದರುವವರೇ ಸುಡುತ್ತಾರೆ.” ಅವಳು ತಲೆಯೆತ್ತಿದಳು. “ಚೆನ್ನಾಗಿ ಬರ್ದಿದ್ಯಲ್ಲೋ.” ಹೆಂಡತಿಯ ಬಾಯಲ್ಲಿ ತನ್ನ ವಾಕ್ಯಗಳನ್ನು ಕೇಳುವುದು ಅವನಿಗೆ ಇದೇ ಮೊದಲು. ಅವು ತನಗಿಂತ ಧೈರ್ಯವಂತನಾದ, ತನಗಿಂತ ಒಳ್ಳೆಯವನಾದ ಯಾರೋ ಬರೆದಂತಿದ್ದವು. ಅವನು ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಹಿಂದೆ ಹದಿನೈದು ಕಾರುಗಳು ಸಾಲುಗಟ್ಟಿದ್ದವು. ಯಾರೋ ಹಾರನ್ ಒತ್ತಿಯೇ ಹಿಡಿದಿದ್ದ. ಬಿಗಿ ಚಡ್ಡಿಯ ಸೈಕಲ್ಲಿನವನೊಬ್ಬ ಕಿಟಕಿಯ ಪಕ್ಕದಲ್ಲೇ ಜಾರಿಹೋಗುತ್ತ ಕೈ ಬೀಸಿದ. ಮಾರ್ಲಿಸ್ ಈ ಹಾಳೆಯನ್ನು ಹೀಗೇ ಓದಬೇಕಿತ್ತು, ಅವಳ ಆ ತೆಳ್ಳನೆಯ ಚರ್ಚಿನ ಗಾಯನದ ಧ್ವನಿಯಲ್ಲಿ. “ಮೈಲಿ ಏಳು. ಬಲಕ್ಕೆ ಅಗಲವಾದ ಜಾಗವಿದೆ. ಬ್ರೇಕು ತಣ್ಣಗಿದ್ದರೂ ನಿಲ್ಲಿಸಿ. ಅವಮಾನವೇನಿಲ್ಲ.” ನಿಲ್ಲಿಸಿದ. ಆ ಜಾಗ ದಾಟಿದ ಕೂಡಲೇ ರಸ್ತೆಯ ಮೇಲೆ ಎರಡು ಕಪ್ಪು ಗೆರೆಗಳು ಶುರುವಾಗಿ ತಿರುವಿನುದ್ದಕ್ಕೂ ಸೊಟ್ಟಗೆ ಹೋಗಿದ್ದವು. ಲವೊನ್ ಅವನ್ನು ನೋಡಿದಳು, ಹಾಳೆಯನ್ನು ನೋಡಿದಳು. “ಇಲ್ಲಿ ನಿಲ್ಲಿಸು ಅಂತ ಇಷ್ಟು ಸ್ಪಷ್ಟವಾಗಿ ಬರ್ದಿದ್ಯಲ್ಲ,” ಎಂದಳು. “ಯಾಕೆ ನಿಲ್ಲಿಸ್ಲಿಲ್ಲ ಅವನು?”

ಓರಿನ್ ರಸ್ತೆ ನೋಡುತ್ತಿದ್ದ. ಚಾಲಕನು ರಸ್ತೆ ನೋಡುತ್ತಿರಬೇಕು.

ಆಲ್ಕಲೈ ವೆಲ್ಸ್ ಎಂದರೆ ಒಂದು ಡೀಸೆಲ್ ಪಂಪು, ಒಂದು ಕೆಫೆ, ಅದರ ಹಿಂದೆ ಆರು ಕೋಣೆಗಳ ಮೋಟೆಲು, ಧೂಳು ಹಿಡಿದ ನಾಲ್ಕು ಮರ. ಮರಗಳ ಕೆಳಗೆ ಕಂದು ಪಟ್ಟೆಯ ಗಾಡಿ ನಿಂತಿತ್ತು, ಮುಂದಿನ ಎರಡೂ ಚಕ್ರ ಬಿಚ್ಚಿ, ಮರದ ತುಂಡುಗಳ ಮೇಲೆ. ಅದರ ನೆರಳಿನಲ್ಲಿ ಮಡಚುವ ಕುರ್ಚಿಯಲ್ಲಿ ಡೆನ್ನಿ ಕ್ರೋಗ್, ಸುತ್ತ ಇನ್ನೂ ಮೂರ್ನಾಲ್ಕು ಗಾಡಿಗಳ ಜನ. ಬದುಕಿದ್ದ. ಓರಿನ್‌ನ ಎದೆಯಿಂದ ಏನೋ ದೊಡ್ಡದು ಇಳಿದುಹೋಯಿತು. ಅದು ಹೋದ ಜಾಗದಲ್ಲಿ, ನಾಚಿಕೆಗೇಡಿನಂತೆ, ಸಣ್ಣದೊಂದು ನಿರಾಸೆ ಇಣುಕಿದ್ದನ್ನು ಅವನು ಕಂಡ. ಕಾಣದವನಂತೆ ಎಂಜಿನ್ ಆರಿಸಿದ.

“ಅರೆ, ಪಾದ್ರಿ!” ಡೆನ್ನಿ ಎದ್ದೇ ಬಿಟ್ಟ. “ಯಾವ ಕಡೆಯಿಂದ ಬಂದ್ಯೋ? ಘಟ್ಟದ ಮೇಲಿಂದಾನಾ? ನೀನಾ?”

“ಬ್ರೇಕ್ ಮುಟ್ಟಿದ್ದೇ ಹನ್ನೆರಡ್ ಸಲ,” ಎಂದಳು ಲವೊನ್, ಇಳಿಯುತ್ತ. “ನಾನು ಲೆಕ್ಕ ಇಟ್ಟಿದೀನಿ. ಹೊಗೆ ಇಲ್ಲ, ವಾಸನೆ ಇಲ್ಲ.” ಹೇಳುವಾಗ ಅವಳು ಓರಿನ್‌ನ ಭುಜದ ಮೇಲೆ ಕೈಯಿಟ್ಟಳು. ಜನರ ಮುಂದೆ ಅವಳು ಹಾಗೆ ಕೈಯಿಟ್ಟು ಎಷ್ಟು ವರ್ಷವಾಗಿತ್ತೆಂದು ಅವನಿಗೆ ನೆನಪಾಗಲಿಲ್ಲ. ಡೆನ್ನಿ ಟೋಪಿ ತೆಗೆದ. ಬೋಳುತಲೆಯ ಮೇಲೆ ಬೆವರು ಹೊಳೆಯುತ್ತಿತ್ತು. “ತಪ್ಪಾಯ್ತು ಮಾರಾಯ. ಅವತ್ತು ಕೂಡೂಟದಲ್ಲಿ ಏನೇನೋ ಆಡ್ದೆ. ಬೆಟ್ಟ ಅಂದ್ರೆ ಏನು ಅಂತ ಈಗ ಗೊತ್ತಾಯ್ತು. ಕೇಳ್ರಪ್ಪ, ಇವನೇ ಅವನು, ಹಳದಿ ಹಾಳೆಯವನು!” ಅಪರಿಚಿತರು ಒಬ್ಬೊಬ್ಬರಾಗಿ ಬಂದು ಓರಿನ್‌ನ ಕೈ ಕುಲುಕಿದರು. ಯಾರೋ ತಣ್ಣನೆಯ ಬಿಯರು ಕೊಟ್ಟರು. ಕಥೆಯನ್ನು ಡೆನ್ನಿ ಮೂರು ದಿನಗಳಿಂದ ಹೇಳಿ ಹೇಳಿ ನಯಗೊಳಿಸಿದ್ದ: ಮೆತ್ತಗಾದ ಪೆಡಲು, ಹೊಗೆ, ಉಪ್ಪಿನ ಬಯಲಿನಲ್ಲಿ ಒಂದೂವರೆ ಮೈಲಿ ಓಡಿ ತಾನಾಗಿ ನಿಂತ ಗಾಡಿ. “ನಿನ್ನ ಹಾಳೆ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ. ನೆತ್ತಿ ಮೇಲೆ ಹೋಗಿ, ಹಳದಿ ತೆಗಿಯೇ ಅಂದ್ರೆ, ಇಲ್ಲ ಅಂತಾಳೆ! ಒಂದೇ ಒಂದ್ ಕೆಲ್ಸ ಕೊಟ್ಟಿದ್ದು ಇವಳಿಗೆ. ಎರಡ್ ಕಾಗದ ಹಿಡ್ಕೊಂಡಿರು ಅಂತ. ಒಂದನ್ನ ಕಳೆದ್ಳು. ಕೈಗೊಂದ್ ಮಗು ಕೊಟ್ಟಿದ್ರೆ ಅದನ್ನೂ ಕಳೀತಿದ್ಳು!” ಎಲ್ಲರೂ ನಕ್ಕರು. ಇದು ಅಷ್ಟು ಒಳ್ಳೆಯ ನಗೆಯಾಗಿರಲಿಲ್ಲ. ಮಾರ್ಲಿಸ್ ಕೆಫೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಕೂಡ ನಕ್ಕಳು; ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಲವೊನ್ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. ಯಾಕೆ ಫೋನ್ ಮಾಡಲಿಲ್ಲವೆಂದು ಬೈದಳು. ಮೊಬೈಲು ಕೆಟ್ಟು ಕೂತಿದೆ, ಕೆಫೆಯಲ್ಲಿ ಫೋನು ಇದೆ, ಆದರೆ ನಿನ್ನ ನಂಬರು ಬಾಯಲ್ಲಿ ಬರಲೇ ಇಲ್ಲ ಎಂದಳು ಮಾರ್ಲಿಸ್. ಯಾರ ನಂಬರು ಯಾರಿಗೆ ಬಾಯಲ್ಲಿರುತ್ತದೆ ಎಂದು ಲವೊನ್ ನಗುತ್ತ, ಸುಟ್ಟ ಚಕ್ರ ನೋಡಲು ಡೆನ್ನಿ ಕರೆದಾಗ ಆ ಕಡೆ ಹೋದಳು. ಮೆಟ್ಟಿಲ ಮೇಲೆ ಓರಿನ್ ಮತ್ತು ಮಾರ್ಲಿಸ್ ಇಬ್ಬರೇ ಉಳಿದರು. ಮಧ್ಯಾಹ್ನ ಇಳಿಯುತ್ತಿತ್ತು, ತಾವು ಬಂದ ಘಟ್ಟದ ನೆರಳು ಬಯಲಿನ ಮೇಲೆ ನಿಧಾನವಾಗಿ ಚಾಚಿಕೊಳ್ಳುತ್ತಿತ್ತು.

“ಓರಿನ್, ನಿನ್ನ ಹತ್ರ ಕ್ಷಮೆ ಕೇಳ್ಬೇಕು ನಾನು.”

“ನನ್ನ ಹತ್ರಾನಾ? ಯಾಕೆ?”

“ಅಷ್ಟು ಕಷ್ಟಪಟ್ಟು ಬರ್ಕೊಟ್ಟಿದ್ದೆ ನೀನು. ಕಳೆದ್ಬಿಟ್ಟೆ. ಗಾಡಿ ಎಲ್ಲ ಜಾಲಾಡ್ದೆ. ಸೀಟಿನ ಕೆಳಗೆ, ಹಾಸಿಗೆ ಕೆಳಗೆ, ಫ್ರಿಜ್ಜಲ್ಲಿ ಕೂಡ.” ಅವಳು ಧ್ವನಿ ತಗ್ಗಿಸಿದಳು. “ಫ್ರಿಜ್ಜಲ್ಲಿ ಯಾಕೆ ನೋಡ್ದೆ ಗೊತ್ತಾ? ನಮ್ಮಮ್ಮನ ಕನ್ನಡಕ ಅಲ್ಲೇ ಸಿಕ್ತಿತ್ತು. ಅವಳಿಗೂ ನನ್ನ ವಯಸ್ಸಲ್ಲೇ ಶುರುವಾಗಿದ್ದು. ಮೊದ್ಲು ಕನ್ನಡಕ, ಆಮೇಲೆ ಊರಿನ ಹೆಸ್ರು. ಕೊನೆಗೆ ನಾವು.”

“ಛೆ, ಹಾಗೇನಿಲ್ಲ.”

“ಕೇಳು. ನಂಗೆ ಏನು ಹೆದ್ರಿಕೆ ಗೊತ್ತಾ? ಕಳೆದಿದ್ದು ನೆನಪಿಲ್ದೆ ಇದ್ರೆ ಪರವಾಗಿಲ್ಲ. ಆದ್ರೆ ಲಕೋಟೆ ಬಿಚ್ಚಿದಾಗ ಒಂದೇ ಹಾಳೆ ಇತ್ತು ಅಂತ ನಂಗೆ ಚೆನ್ನಾಗಿ ನೆನಪಿದೆ. ಬಿಳೀದು ಒಂದೇ. ಕಣ್ಣಿಗೆ ಕಟ್ಟಿದ ಹಾಗಿದೆ. ಡೆನ್ನಿ ಅಂತಾನೆ, ಆ ಓರಿನ್ ಹನ್ನೊಂದು ವರ್ಷದಲ್ಲಿ ಒಂದ್ ಸಲಾನೂ ತಪ್ಪು ಮಾಡಿಲ್ಲ, ಅವನು ಹಾಳೆ ಇಡದೆ ಬಿಡೋ ಜಾತಿ ಅಲ್ಲ ಅಂತ. ಸರಿನೇ ಅಲ್ವಾ? ನೀನು ಬಿಡ್ತೀಯಾ? ಹಾಗಾದ್ರೆ ನಂಗೆ ಇಲ್ದೇ ಇರೋದೆಲ್ಲ ನೆನಪಾಗೋಕೆ ಶುರುವಾಗಿದೆ ಅಂತ ಅರ್ಥ. ಅಮ್ಮಂಗೂ ಕೊನೇಲಿ ಹಾಗೇ ಆಗ್ತಿತ್ತು.” ಮಾರ್ಲಿಸ್ ತನ್ನ ಕೈಗಳನ್ನು ಮಡಿಲಿನಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. “ಕಾರಿನ ಕೀ ನಾನೇ ಡೆನ್ನಿ ಕೈಗೆ ಕೊಟ್ಬಿಟ್ಟೆ. ಇನ್ನು ನಾನು ಓಡಿಸ್ಬಾರ್ದು. ಊರಿಗೆ ಹೋದ್ಮೇಲೆ ಡಾಕ್ಟರಿಗೆ ತೋರಿಸ್ಬೇಕು. ಇದನ್ನ ಲವೊನ್‌ಗೂ ಹೇಳಿಲ್ಲ. ನೀನು ಸುಮ್ನಿರೋ ಮನುಷ್ಯ, ಅದಕ್ಕೆ ನಿನ್ನ ಹತ್ರ ಹೇಳ್ದೆ.”

ಓರಿನ್ ಬಿಯರಿನ ಡಬ್ಬಿಯನ್ನು ಕೆಳಗಿಟ್ಟ. ಹೇಳಬೇಕಾದ ಮಾತು ಗಂಟಲವರೆಗೆ ಬಂದಿತ್ತು, ನಿಜವಾಗಿ ಬಂದಿತ್ತು. ಅದರ ಮೊದಲ ಅಕ್ಷರಕ್ಕೆ ತುಟಿ ಕೂಡ ಸಿದ್ಧವಾಯಿತು. ಆಗ ಮರದ ಕೆಳಗಿನಿಂದ ಲವೊನ್ ತಿರುಗಿ ಅವನ ಕಡೆ ನೋಡಿ ನಕ್ಕಳು. ಡೆನ್ನಿ ಏನೋ ಹೇಳಿರಬೇಕು, ಈ ಸಲ ಓರಿನ್‌ನ ಪರವಾಗಿ. ಅದು ಹೊಗಳಿಕೆಯ, ಹೆಂಡತಿತನದ, ಹೆಮ್ಮೆಯ ನಗೆ. ಘಟ್ಟ ಇಳಿದು ಬಂದ ಗಂಡಸಿಗೆ ಸಲ್ಲುವಂಥದ್ದು. ಅವಳು ಅಲ್ಲಿಂದಲೇ ಕೈ ಬೀಸಿದಳು. ಓರಿನ್ ಕೈ ಬೀಸಿದ. ಬೀಸಿದ ಕೈಯನ್ನು ಇಳಿಸುವಾಗ ಅದು ದಾರಿಯಲ್ಲಿ ಸಿಕ್ಕ ಮಾರ್ಲಿಸಳ ಕೈಯನ್ನು ಎರಡು ಸಲ ತಟ್ಟಿತು.

“ಗಾಳಿಗೆ ಹಾರಿಹೋಗಿರುತ್ತೆ ಬಿಡು,” ಎಂದ. “ನಂಗೇನೂ ಬೇಜಾರಿಲ್ಲ.”

“ನಿಜವಾಗ್ಲೂ?”

“ನಿಜವಾಗ್ಲೂ. ಮುಂದಿನ ದಾರಿಗೆ ಬೇರೆ ಬರ್ಕೊಡ್ತೀನಿ. ಎರಡೂ ಸೇರಿಸಿ ಪಿನ್ ಹೊಡ್ದು ಕೊಡ್ತೀನಿ.”

ಮಾರ್ಲಿಸಳ ಕಣ್ಣಲ್ಲಿ ನೀರು ತುಂಬಿತು. ನಿನ್ನಂಥವರು ಕಡಿಮೆ ಎಂದಳು. ಮರುದಿನ ಮಧ್ಯಾಹ್ನ ಬ್ರೇಕಿನ ಸಾಮಾನು ಬಂತು. ಅದರ ಮರುದಿನ ಎರಡೂ ಗಾಡಿಗಳು ಜೊತೆಯಾಗಿಯೇ ಹೊರಟವು. ಓರಿನ್ ಮುಂದೆ, ಡೆನ್ನಿ ಹಿಂದೆ. ಯೂಟಾದ ಇಳಿಜಾರುಗಳಲ್ಲಿ ನಿಲ್ಲುವಲ್ಲೆಲ್ಲ ನಿಂತು, ಬಿಡುವಲ್ಲೆಲ್ಲ ಬಿಟ್ಟು, ಎಲ್ಲರೂ ಸುರಕ್ಷಿತವಾಗಿ ಇಳಿದರು. ಪ್ರತಿ ನಿಲ್ದಾಣದಲ್ಲೂ ಮಾರ್ಲಿಸ್ ಪಿನ್ ಹೊಡೆದ ಹಾಳೆಗಳನ್ನು ತೆಗೆದು, ಒಂದು, ಎರಡು ಎಂದು ಬೆರಳಿಟ್ಟು ಎಣಿಸಿ, ಮತ್ತೆ ಪರ್ಸಿನಲ್ಲಿಟ್ಟುಕೊಳ್ಳುವುದನ್ನು ಓರಿನ್ ತನ್ನ ಪಕ್ಕದ ಕನ್ನಡಿಯಲ್ಲಿ ನೋಡುತ್ತಿದ್ದ. ವಯೋಮಿಂಗಿನಲ್ಲಿ ದಾರಿ ಬೇರೆಯಾದಾಗ ಅವಳು ಅವನ ಕೆನ್ನೆಗೆ ಮುತ್ತಿಟ್ಟಳು. ಲಕೋಟೆಯಲ್ಲಿದ್ದದ್ದು ಒಂದೇ ಹಾಳೆ, ನಿನ್ನ ನೆನಪು ಸರಿಯಾಗಿಯೇ ಇದೆ ಎಂದು ಓರಿನ್ ಅವಳಿಗೆ ಹೇಳಲಿಲ್ಲ.